ಮನೆಯಲ್ಲೊಬ್ಬರು ಹಾಲು ಬಿಟ್ಟರೆ: ವೀಗನ್ ಬದುಕಿನ ಹಿಂದಿರುವ ಲೆಕ್ಕಾಚಾರ

ಯಾರಾದರೂ ಮಾಂಸ ಬಿಟ್ಟರೆ ನಮ್ಮಲ್ಲಿ ಕಾರಣ ಕೇಳುವವರು ಕಡಿಮೆ. ಶ್ರಾವಣವೋ, ಹರಕೆಯೋ, ಡಾಕ್ಟರ್ ಮಾತೋ, ಏನೋ ಒಂದು ಇರುತ್ತದೆ ಅಂತ ಸುಮ್ಮನಾಗುತ್ತಾರೆ. ಆದರೆ ಹಬ್ಬಕ್ಕೆ ಊರಿಗೆ ಬಂದ ಮಗಳು "ಅಮ್ಮಾ, ನಂಗೆ ಮೊಸರು ಬೇಡ, ಒಬ್ಬಟ್ಟಿಗೆ ತುಪ್ಪಾನೂ ಹಾಕ್ಬೇಡ" ಅಂದರೆ ಮನೆಯವರೆಲ್ಲ ತಿರುಗಿ ನೋಡುತ್ತಾರೆ. ಅಜ್ಜಿಯ ಪ್ರಶ್ನೆ ನೇರ: "ಹಾಲಲ್ಲಿ ಏನೇ ಪಾಪ? ಹಸು ತಾನಾಗೇ ಕೊಡತ್ತಲ್ವಾ?"

ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೇ. ಮಾಂಸದ ವಿಚಾರ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ, ಅಲ್ಲಿ ಪ್ರಾಣಿ ಸಾಯುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಹಾಲಿನಲ್ಲಿ ಅದು ಕಾಣುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಹಾಲಿಗೆ ಜಾಸ್ತಿ ಜಾಗ.

ವೀಗನ್ ಅಂದರೆ ಎಲ್ಲಿಯವರೆಗೆ?

ಸಸ್ಯಾಹಾರಿಗಳು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ವೀಗನ್ ಆದವರು ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನುತುಪ್ಪವನ್ನೂ ಬಿಡುತ್ತಾರೆ. ಊಟದ ಆಚೆ ಚರ್ಮದ ಚಪ್ಪಲಿ, ಉಣ್ಣೆಯ ಸ್ವೆಟರ್, ರೇಷ್ಮೆ ಸೀರೆ, ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದ ಸೌಂದರ್ಯವರ್ಧಕಗಳೂ ಬೇಡ ಅನ್ನುತ್ತಾರೆ.

1944ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ಸೇರಿ ವೀಗನ್ ಸೊಸೈಟಿ ಕಟ್ಟಿದರು. ಅವರೆಲ್ಲ ಆಗಲೇ ಸಸ್ಯಾಹಾರಿಗಳು. ಮಾಂಸ ಬಿಟ್ಟು ಹಾಲು ಇಟ್ಟುಕೊಂಡರೆ ಅರ್ಧ ದಾರಿಯಲ್ಲಿ ನಿಂತ ಹಾಗೆ ಅನ್ನುವುದು ಅವರ ವಾದ. ಅಂದರೆ ಅಲ್ಲೂ ಜಗಳ ಶುರುವಾಗಿದ್ದು ಹಾಲಿನಿಂದಲೇ. ಆ ಸಂಸ್ಥೆ ಇವತ್ತು ಕೊಡುವ ವಿವರಣೆಯಲ್ಲಿ ಮುಖ್ಯವಾದ ಒಂದು ಮಾತಿದೆ: ಪ್ರಾಣಿಗಳ ಶೋಷಣೆ ಮತ್ತು ಹಿಂಸೆಯನ್ನು ಸಾಧ್ಯವಾದಷ್ಟು, ಆಚರಣೆಗೆ ಬರುವಷ್ಟು ದೂರ ಇಡುವುದು. ಬದುಕಲು ಬೇಕಾದ ಔಷಧದಲ್ಲಿ ಪ್ರಾಣಿ ಮೂಲದ ಅಂಶ ಇದ್ದರೆ ಅದನ್ನು ತೆಗೆದುಕೊಂಡವರು ನಿಯಮ ಮುರಿದಂತೆ ಆಗುವುದಿಲ್ಲ.

ನಮ್ಮಲ್ಲಿ ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ವೀಗನ್ ಅಂದುಕೊಳ್ಳುವವರಿದ್ದಾರೆ. ಅದು ಸಸ್ಯಾಹಾರದ ಗುರುತು ಮಾತ್ರ. ಹಾಲು, ಜೇನು ಇದ್ದರೂ ಆ ಚುಕ್ಕೆ ಹಾಕಬಹುದು. ವೀಗನ್ ಆಹಾರಕ್ಕೆ ಅಂತಲೇ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಬೇರೆ ನಿಯಮ ತಂದಿದೆ. ಎಲೆ ಮೂಡಿದ ಹಸಿರು 'ವಿ' ಅಕ್ಷರ ಅದರ ಚಿಹ್ನೆ. ಅಂಗಡಿಯಲ್ಲಿ ಅದು ಕಾಣಿಸತೊಡಗಿದ ಮೇಲೆ ಈ ವಿಚಾರ ಪೇಟೆಯಿಂದ ಮನೆಗೂ ಬಂದಿದೆ.

ಹಸು ಹಾಲು ಕೊಡುವುದು ಯಾವಾಗ?

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಬೆಳಗ್ಗೆ ಬಾಗಿಲ ಬಳಿ ಪ್ಯಾಕೆಟ್ ಹಾಲು ಬೀಳುವ ಮನೆಗಳಲ್ಲಿ ಮರೆತೇ ಹೋಗಿದೆ: ಹಸು ಕರು ಹಾಕಿದರೆ ಮಾತ್ರ ಹಾಲು. ಹಸುವಿನ ಗಬ್ಬ ಸುಮಾರು ಒಂಬತ್ತು ತಿಂಗಳು. ಈಯ್ದ ಮೇಲೆ ಹತ್ತು ತಿಂಗಳ ತನಕ ಹಾಲು ಕರೆಯಬಹುದು, ಆಮೇಲೆ ಬತ್ತುತ್ತದೆ. ಹಾಲು ನಿಲ್ಲದೆ ಬರಬೇಕಾದರೆ ಈಯ್ದ ಎರಡು ಮೂರು ತಿಂಗಳಿಗೆ ಮತ್ತೆ ಗಬ್ಬ ಕಟ್ಟಿಸಬೇಕು. ಹಸು ಬೆದೆಗೆ ಬಂದ ಹೊತ್ತು ನೋಡಿ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸುತ್ತಾರೆ. ಇವತ್ತು ಬಹುಪಾಲು ಕಡೆ ಹೋರಿಯ ಹತ್ತಿರ ಹೋಗುವ ಪದ್ಧತಿಯೇ ಇಲ್ಲ.

ಈಯ್ದ ಮೊದಲ ದಿನಗಳ ಹಾಲು ಹಳದಿಯಾಗಿ, ದಪ್ಪಗಿರುತ್ತದೆ. ಕಾಯಿಸಿದರೆ ಗಟ್ಟಿಯಾಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆ ಬಟ್ಟಲಲ್ಲಿ ಕಳಿಸುವುದು ಹಳೇ ಪದ್ಧತಿ. ತಿಂದವರು ರುಚಿ ಮರೆಯುವುದಿಲ್ಲ. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದು ಅದೇ ಹಾಲಿನಿಂದ. ತಿಳಿದ ರೈತರು ಕರುವಿಗೆ ಬೇಕಾದಷ್ಟು ಕುಡಿಸಿ, ಮಿಕ್ಕಿದ್ದನ್ನು ಕರೆಯುತ್ತಾರೆ. ಆಮೇಲೆ ದಿನವೂ ಕರಾವಿನ ಹೊತ್ತಿಗೆ ಕರು ಬಿಡುತ್ತಾರೆ. ಅದು ಕೆಚ್ಚಲಿಗೆ ಗುಮ್ಮಿ ಎರಡು ಗುಟುಕು ಕುಡಿಯುವಷ್ಟರಲ್ಲಿ ಹಸು ಹಾಲು ಇಳಿಸುತ್ತದೆ. ಆಗ ಕರುವನ್ನು ಎಳೆದು ಪಕ್ಕಕ್ಕೆ ಕಟ್ಟಿ ಕರೆಯಲು ಕೂರುತ್ತಾರೆ. ಹಿಂದೆ ಒಂದು ಮೊಲೆಯ ಹಾಲು ಕರುವಿಗೇ ಬಿಡುವ ಮನೆಗಳು ಬೇಕಾದಷ್ಟಿದ್ದವು. ಹಾಲು ಮನೆ ಖರ್ಚಿಗೆ ಇದ್ದಾಗಿನ ಮಾತು ಅದು. ಡೈರಿಗೆ ಹಾಕುವ ಹಾಲಿನಲ್ಲಿ ಒಂದೊಂದು ಲೀಟರಿಗೂ ಲೆಕ್ಕ ಇದೆ. ದೊಡ್ಡ ಫಾರ್ಮುಗಳಲ್ಲಿ ಹುಟ್ಟಿದ ಕೂಡಲೇ ಕರು ಬೇರೆ ಮಾಡುವುದೂ ಉಂಟು.

ಅಜ್ಜಿಯ ಪ್ರಶ್ನೆಗೆ ವೀಗನ್ ಆದವರ ಮೊದಲ ಉತ್ತರ ಇದು: ಹಸು ಹಾಲು ಇಳಿಸುವುದು ಕರುವಿಗಾಗಿ. ನಾವು ನಡುವೆ ಕೂತಿದ್ದೇವೆ.

ಗಂಡು ಕರು ಎಲ್ಲಿಗೆ ಹೋಯಿತು?

ಹುಟ್ಟುವ ಕರುಗಳಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡು. ಹೆಣ್ಣು ಕರು ಮುಂದೆ ಹಾಲು ಕೊಡುತ್ತದೆ. ಗಂಡು ಕರು? ಒಂದು ಕಾಲಕ್ಕೆ ಎತ್ತಾಗಿ ನೊಗ ಹೊರುತ್ತಿತ್ತು. ಈಗ ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಮೇಲಾಗಿ ಎಚ್‌ಎಫ್, ಜೆರ್ಸಿ ಎಂಬ ವಿದೇಶಿ ಹಸುಗಳ ಮಿಶ್ರತಳಿಯ ಹೋರಿಗೆ ನೊಗ ಕೂರುವಂಥ ಹಿಣಿಲು (ಬೆನ್ನ ಮೇಲಿನ ಡುಬ್ಬ) ಇಲ್ಲ, ಬಿಸಿಲೂ ತಡೆಯುವುದಿಲ್ಲ.

2019ರ ಜಾನುವಾರು ಗಣತಿಯ ಅಂಕಿ ನೋಡಿ. ದೇಶದಲ್ಲಿ ಹಸು, ಹೆಣ್ಣು ಕರು ಸೇರಿ ಸುಮಾರು 14.5 ಕೋಟಿ. ಎತ್ತು, ಹೋರಿ, ಗಂಡು ಕರು ಎಲ್ಲ ಸೇರಿದರೂ 4.7 ಕೋಟಿ ಅಷ್ಟೇ. 2012ರ ಗಣತಿಗೆ ಹೋಲಿಸಿದರೆ ಹೆಣ್ಣು ಶೇ 18ರಷ್ಟು ಏರಿದೆ, ಗಂಡು ಶೇ 30ರಷ್ಟು ಇಳಿದಿದೆ. ಹುಟ್ಟುವುದು ಸಮಸಮ, ಉಳಿದಿರುವುದು ಮೂರಕ್ಕೆ ಒಂದು. ವೀಗನ್ ವಾದದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವುದು ಈ ಲೆಕ್ಕವೇ. ಇದಕ್ಕೆ ಯಾರೂ ಭಾಷಣ ಮಾಡಬೇಕಿಲ್ಲ.

ರೈತ ಕಟುಕ ಮನಸ್ಸಿನವನು ಅಂತ ಇದರ ಅರ್ಥವಲ್ಲ. ಹಾಲಿನ ಹಸು ಸಾಲ ಮಾಡಿ ತಂದ ಆಟೋ ಇದ್ದ ಹಾಗೆ. ಓಡಿದ ದಿನ ದುಡ್ಡು, ನಿಂತ ದಿನವೂ ಕಂತು. ಹಾಲು ಬತ್ತಿದ ಹಸುವಿಗೂ ಹುಲ್ಲು, ಹಿಂಡಿ, ಬೂಸಾ ಬೇಕು. ಒಂದು ಹಸು ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು. ಆದರೆ ಐದಾರು ಸೂಲು ಕಳೆಯುವ ಹೊತ್ತಿಗೆ ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದೂ ಕಷ್ಟವಾಗುತ್ತದೆ. ಉಳಿದ ವರ್ಷಗಳ ಮೇವಿನ ಖರ್ಚು ಲೀಟರ್ ಹಾಲಿನ ದರದಲ್ಲಿ ಸೇರಿಲ್ಲ. ಸೇರಿಸಿದರೆ ಕಾಫಿಯ ಬೆಲೆ ಏನಾಗಬಹುದು ಅಂತ ಯೋಚಿಸಿ.

ಹಿಂದೆ ಇಂಥ ಹಸು, ಹೋರಿಗಳು ಸಂತೆ ದಾಟಿ ಕಸಾಯಿಖಾನೆ ಸೇರುತ್ತಿದ್ದವು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನು 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಮಿಕ್ಕ ರಾಸುಗಳ ವಧೆಯನ್ನು ತಡೆದಿದೆ. ವಧೆ ನಿಂತರೂ ಮೇವಿನ ಖರ್ಚು ನಿಲ್ಲುವುದಿಲ್ಲ ಅನ್ನುವುದು ರೈತರ ಅಳಲು. ದೇಶದ ಹಾಲಿನಲ್ಲಿ ಶೇ 40ಕ್ಕೂ ಹೆಚ್ಚು ಎಮ್ಮೆಯದು. ಎಮ್ಮೆ ಮಾಂಸ ರಫ್ತಿನಲ್ಲಿ ಭಾರತ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದು. ಹಾಲಿನ ಉದ್ಯಮ, ಮಾಂಸದ ಉದ್ಯಮ ಬೇರೆ ಬೇರೆ ಅಂತ ನಾವು ಅಂದುಕೊಂಡಿರುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಹಗ್ಗದ ಎರಡು ತುದಿ.

ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಇಂಜೆಕ್ಷನ್ ಈಗ ಬಂದಿದೆ. ಅದು ಗಂಡು ಕರುವಿನ ಸಮಸ್ಯೆ ತಗ್ಗಿಸುತ್ತದೆ, ಮುದಿ ಹಸುವಿನ ಸಮಸ್ಯೆಯನ್ನಲ್ಲ.

ಮೊಟ್ಟೆ, ಕೋಳಿ, ಜೇನು

ಇಲ್ಲಿ ಜಾಸ್ತಿ ನಿಲ್ಲಬೇಕಿಲ್ಲ. ಕಾಡುಕೋಳಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮೊಟ್ಟೆ ಇಟ್ಟರೆ ಫಾರ್ಮಿನ ಕೋಳಿ 300ರ ಹತ್ತಿರ ಇಡುತ್ತದೆ. ಹೆಚ್ಚಿನವು ತಂತಿ ಪಂಜರದಲ್ಲಿ, ಒಂದಕ್ಕೆ ಒಂದು ಎ4 ಹಾಳೆಯಷ್ಟೂ ಇಲ್ಲದ ಜಾಗದಲ್ಲಿ, ರೆಕ್ಕೆ ಪೂರ್ತಿ ಬಿಚ್ಚದೆ ಬದುಕು ಮುಗಿಸುತ್ತವೆ. ಮೊಟ್ಟೆಯ ತಳಿಯ ಹುಂಜದ ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೆ ಬೇಗ ಬೆಳೆಯುವುದೂ ಇಲ್ಲ. ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಅವನ್ನು ಕೊಲ್ಲುವುದು ವಾಡಿಕೆ. ಮಾಂಸದ ಕೋಳಿ ಸುಮಾರು ಆರು ವಾರಕ್ಕೆ ತೂಕಕ್ಕೆ ಬರುತ್ತದೆ.

ಜೇನಿನ ವಿಚಾರದಲ್ಲಿ ವೀಗನ್ನರಲ್ಲೇ ಒಮ್ಮತ ಇಲ್ಲ. ಪೆಟ್ಟಿಗೆಯಲ್ಲಿ ತುಡುವೆ ಸಾಕುವುದಕ್ಕೂ, ಹೊಗೆ ಹಾಕಿ ಹೆಜ್ಜೇನಿನ ತಟ್ಟಿ ಕೀಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮಳೆಗಾಲಕ್ಕೆ ಕೂಡಿಟ್ಟ ಆಹಾರ ಅವುಗಳದ್ದೇ ಅನ್ನುವುದು ಬಿಟ್ಟವರ ವಾದ. ಇದೇ ಕಾರಣಕ್ಕಲ್ಲದಿದ್ದರೂ ಜೈನರು ಮೊದಲಿಂದಲೂ ಜೇನು ಬಿಟ್ಟವರು.

ರೇಷ್ಮೆ ಸೀರೆಯ ಒಳಗೆ

ಕರ್ನಾಟಕದವರಿಗೆ ಇದು ಹತ್ತಿರದ ವಿಷಯ. ಹಿಪ್ಪುನೇರಳೆ ರೇಷ್ಮೆಯಲ್ಲಿ ನಮ್ಮ ರಾಜ್ಯ ದೇಶಕ್ಕೇ ಮುಂದು. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳಲ್ಲಿ ದಿನವೂ ರಾಶಿ ರಾಶಿ ಗೂಡು ಹರಾಜಾಗುತ್ತದೆ.

ಹುಳು ನಾಲ್ಕು ಸಲ ಜ್ವರಕ್ಕೆ ಕೂತು (ಪೊರೆ ಕಳಚಲು ತಿನ್ನುವುದು ನಿಲ್ಲಿಸಿ) ಎದ್ದು, ಹಗಲು ರಾತ್ರಿ ಸೊಪ್ಪು ತಿಂದು, ಕೊನೆಗೆ ಹಣ್ಣಾಗುತ್ತದೆ. ಮೈ ಪಾರದರ್ಶಕವಾಗಿ ಹೊಳೆಯುತ್ತದೆ. ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ ಬಿಡುತ್ತಾರೆ. ತಲೆಯನ್ನು ಆಚೀಚೆ ಆಡಿಸುತ್ತಾ ಎರಡು ಮೂರು ದಿನದಲ್ಲಿ ಅದು ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಳ್ಳೆಯ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಹಾಗೇ ಬಿಟ್ಟರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಆಗ ಎಳೆ ಉದ್ದಕ್ಕೆ ಸಿಗುವುದಿಲ್ಲ. ಅದಕ್ಕೇ ಚಿಟ್ಟೆ ಹೊರಬರುವ ಮೊದಲೇ ಬಿಸಿಗಾಳಿ ಕೊಟ್ಟೋ ಕುದಿಯುವ ನೀರಿಗೆ ಹಾಕಿಯೋ ಕೋಶವನ್ನು ಸಾಯಿಸಿ ಎಳೆ ಬಿಚ್ಚುತ್ತಾರೆ. ಬಿಚ್ಚಾಣಿಕೆ ಮುಗಿದ ಮೇಲೆ ಬಾಣಲೆಯ ತಳದಲ್ಲಿ ಕಂದು ಬಣ್ಣದ ಕೋಶಗಳು ಉಳಿಯುತ್ತವೆ. ರೀಲಿಂಗ್ ಘಟಕದ ಪಕ್ಕ ಹಾದುಹೋದವರಿಗೆ ಆ ವಾಸನೆ ಗೊತ್ತು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು ಏಳು ಕಿಲೋ ಗೂಡು ಬೇಕು, ಅಂದರೆ ಸಾವಿರಾರು ಹುಳು.

ರೇಷ್ಮೆ ಹುಳುವಿಗೆ ನೋವಾಗುತ್ತದಾ? ಹಸು, ಕೋಳಿಯಷ್ಟು ಖಚಿತವಾಗಿ ವಿಜ್ಞಾನ ಇನ್ನೂ ಹೇಳುವುದಿಲ್ಲ. ಚಿಟ್ಟೆ ಹಾರಿಹೋದ ಮೇಲೆ ನೂಲುವ 'ಅಹಿಂಸಾ ರೇಷ್ಮೆ'ಯೂ ಇದೆ. ಹೊಳಪು ಕಡಿಮೆ, ಬೆಲೆ ಜಾಸ್ತಿ.

ನೈತಿಕ ವಾದ ನಿಂತಿರುವುದು ಯಾವುದರ ಮೇಲೆ?

ಇಷ್ಟು ಹೊತ್ತು ಏನು ನಡೆಯುತ್ತದೆ ಅನ್ನುವುದನ್ನು ನೋಡಿದೆವು. ಅದು ತಪ್ಪಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ವೀಗನ್ ವಾದ ಎರಡು ಮೆಟ್ಟಿಲು ಹತ್ತುತ್ತದೆ.

ಮೊದಲನೆಯದು ನೋವು. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ 1789ರಲ್ಲೇ ಹೇಳಿದ್ದ: ಪ್ರಾಣಿಗೆ ತರ್ಕ ಗೊತ್ತಾ, ಮಾತು ಬರುತ್ತಾ ಅನ್ನುವುದು ಪ್ರಶ್ನೆಯಲ್ಲ, ಅದು ನೋವುಣ್ಣುತ್ತದಾ ಅನ್ನುವುದು ಪ್ರಶ್ನೆ. ಬುದ್ಧಿಯೇ ಅಳತೆಗೋಲಾದರೆ ಕೈಗೂಸಿಗೂ ಬೆಲೆ ಸಿಗುವುದಿಲ್ಲ ಅಲ್ವಾ? ಪ್ರಾಣಿಗೆ ನೋವಾಗುತ್ತದೆ ಅನ್ನಲು ಹಟ್ಟಿಯಲ್ಲಿ ಒಂದು ದಿನ ಕಳೆದರೆ ಸಾಕು, ವಿಜ್ಞಾನಿಗಳ ಸಹಿ ಬೇಕಿಲ್ಲ. ಆದರೂ ಅದು ಇದೆ. 2012ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಸೇರಿದ ನರವಿಜ್ಞಾನಿಗಳು ಸಸ್ತನಿ, ಹಕ್ಕಿಗಳಲ್ಲಿ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಅಂತ ಘೋಷಿಸಿದರು. 2024ರ ನ್ಯೂಯಾರ್ಕ್ ಘೋಷಣೆ ಇನ್ನೂ ಮುಂದೆ ಹೋಗಿ ಮೀನು, ಏಡಿ, ಕೀಟಗಳಲ್ಲೂ ಆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದಿತು.

ಎರಡನೆಯದು ಅಗತ್ಯ. ಬೇರೆ ದಾರಿ ಇಲ್ಲದೆ ನೋವು ಕೊಡುವುದು ಒಂದು, ಬೇರೆ ದಾರಿ ಇದ್ದೂ ರುಚಿಗೆ, ರೂಢಿಗೆ, ಚಂದಕ್ಕೆ ನೋವು ಕೊಡುವುದು ಇನ್ನೊಂದು. ಮೊದಲನೆಯದನ್ನು ಬಹಳ ಜನ ಒಪ್ಪುತ್ತಾರೆ, ಎರಡನೆಯದಕ್ಕೆ ಕಾರಣ ಕೊಡಲು ತಡವರಿಸುತ್ತಾರೆ. ಬೀದಿನಾಯಿಗೆ ಸುಮ್ನೆ ಕಲ್ಲು ಹೊಡೆಯುವವನನ್ನು ನಾವೇ ಬೈಯುತ್ತೇವೆ. ಅದೇ ನಿಯಮವನ್ನು ಊಟದ ತಟ್ಟೆಗೂ ತನ್ನಿ ಅನ್ನುತ್ತದೆ ಈ ವಾದ. ಇದಕ್ಕೆ ಹೊಸ ಧರ್ಮವೇನೂ ಬೇಕಿಲ್ಲ.

ಇಲ್ಲಿಂದ ಮುಂದೆ ಚಿಂತಕರು ಕವಲೊಡೆಯುತ್ತಾರೆ. ಆಸ್ಟ್ರೇಲಿಯಾದ ಪೀಟರ್ ಸಿಂಗರ್ ಲೆಕ್ಕ ಹಾಕುವುದು ನೋವಿನಲ್ಲಿ. ಮನುಷ್ಯನ ನೋವಿಗೂ ಹಂದಿಯ ಅಷ್ಟೇ ನೋವಿಗೂ ಸಮ ತೂಕ ಕೊಡಿ ಅನ್ನುತ್ತಾರೆ. ಅಮೆರಿಕದ ಟಾಮ್ ರೇಗನ್ ಇದನ್ನು ಹಕ್ಕಿನ ಪ್ರಶ್ನೆ ಮಾಡಿದರು. ತನ್ನ ಬದುಕು ತನಗೆ ಬೇಕಾದದ್ದು ಅನ್ನಿಸುವ ಯಾವ ಜೀವಿಯನ್ನೂ ಇನ್ನೊಬ್ಬರ ಸಾಧನವಾಗಿ ಬಳಸುವಂತಿಲ್ಲ ಎಂದರು. ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ? ಹಿತ್ತಲಲ್ಲಿ ಸ್ವಚ್ಛಂದವಾಗಿ ಓಡಾಡಿಕೊಂಡ ಕೋಳಿಯ ಮೊಟ್ಟೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ನೋವಿನ ಲೆಕ್ಕದವರು ಪರವಾಗಿಲ್ಲ ಅನ್ನಬಹುದು. ಹಕ್ಕಿನ ಲೆಕ್ಕದವರು ಒಪ್ಪುವುದು ಕಷ್ಟ. ಮನೆಯಲ್ಲಿ ಮುದ್ದಿನಿಂದ ಸಾಕಿ, ಕರು ಕುಡಿದು ಮಿಕ್ಕಿದ್ದನ್ನು ಮಾತ್ರ ಕರೆದು, ಮುದಿಯಾದ ಮೇಲೂ ಮೇವು ಹಾಕುವ ಮನೆಯ ಹಸುವಿಗೂ ಇದೇ ಪ್ರಶ್ನೆ. ಅಂಥ ಮನೆಗಳು ಇವೆ. ಪ್ಯಾಕೆಟ್ ಹಾಲು ಬರುವುದು ಅಲ್ಲಿಂದಲ್ಲ.

ನಮ್ಮ ಕಾನೂನು ಎಲ್ಲಿದೆ? ಜೀವಿಗಳ ಮೇಲೆ ಅನುಕಂಪ ತೋರುವುದು ಸಂವಿಧಾನದ 51ಎ(ಜಿ) ವಿಧಿಯ ಪ್ರಕಾರ ಪ್ರಜೆಯ ಮೂಲಭೂತ ಕರ್ತವ್ಯ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿದು ಪ್ರಾಣಿಗಳಿಗೆ ಹಸಿವು, ನೋವು, ಭಯದಿಂದ ಮುಕ್ತಿ ಬೇಕು ಎಂದಿತ್ತು. 2023ರಲ್ಲಿ ಸಂವಿಧಾನ ಪೀಠ ನಮ್ಮ ಕಂಬಳಕ್ಕೆ ಅವಕಾಶ ಕೊಡುವ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ಆಹಾರಕ್ಕಾಗಿ ಪ್ರಾಣಿ ಸಾಕುವುದನ್ನು ಕಾನೂನು ತಡೆಯುವುದಿಲ್ಲ, ಅನಗತ್ಯ ಹಿಂಸೆಯನ್ನಷ್ಟೇ ತಡೆಯುತ್ತದೆ.

ಇದು ಮಡಿಯ ಮಾತಲ್ಲ

ನಮ್ಮಲ್ಲಿ ಆಹಾರ ಅಂದ ಕೂಡಲೇ ಜಾತಿ ಬಂದು ಕೂರುತ್ತದೆ. ಬಾಡಿಗೆ ಮನೆ ಕೇಳಿಕೊಂಡು ಹೋದವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ವೀಗನ್ ಅಂದರೆ ಇನ್ನೂ ಒಂದು ಮೆಟ್ಟಿಲು ಮೇಲಿನ ಸಸ್ಯಾಹಾರ ಅಂತ ತಿಳಿಯುವುದು ಸಹಜ.

ಆದರೆ ಎರಡರ ಪ್ರಶ್ನೆಯೇ ಬೇರೆ. ಮಡಿ ಕೇಳುವುದು, ಇದನ್ನು ತಿಂದರೆ ನನಗೆ ಮೈಲಿಗೆಯಾಗುತ್ತದಾ ಅಂತ. ವೀಗನ್ ವಾದ ಕೇಳುವುದು, ಇದನ್ನು ತಿಂದರೆ ಪ್ರಾಣಿಗೆ ಏನಾಯಿತು ಅಂತ. ಆದ್ದರಿಂದ ಮಡಿ ಅಡುಗೆಯಲ್ಲಿ ನಿಷೇಧವಾದ ಈರುಳ್ಳಿ ಬೆಳ್ಳುಳ್ಳಿ ಇಲ್ಲಿ ಸಲೀಸು, ಅಲ್ಲಿ ಪರಮ ಪವಿತ್ರವಾದ ತುಪ್ಪ ಇಲ್ಲಿ ಬೇಡ. ಗಂಡು ಕರುವಿನ ಲೆಕ್ಕ ಹಿಡಿದು ನೋಡಿದರೆ ದಿನಕ್ಕೆ ಮೂರು ಹೊತ್ತು ಹಾಲು ಮೊಸರು ತಿನ್ನುವವರು, ಅಪರೂಪಕ್ಕೆ ಬಾಡೂಟ ಮಾಡುವವರಿಗೆ ಪಾಠ ಹೇಳುವ ಜಾಗದಲ್ಲೇನೂ ಇಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

"ಗಿಡಕ್ಕೂ ಜೀವ ಇಲ್ವಾ?" ಇದೆ. ನೋವು ಅನುಭವಿಸಲು ಬೇಕಾದ ನರಮಂಡಲ, ಮೆದುಳು ಇಲ್ಲ. ಪ್ರಾಣಿಯೂ ಗಿಡ ತಿಂದೇ ಬೆಳೆಯುವುದರಿಂದ, ಪ್ರಾಣಿ ತಿಂದವರ ಲೆಕ್ಕಕ್ಕೆ ಗಿಡವೂ ಜಾಸ್ತಿಯೇ ಹೋಗುತ್ತದೆ. ಆದರೆ ಈ ಉತ್ತರ ಜೋಳ, ಸೋಯಾ ತಿನ್ನಿಸಿ ಪ್ರಾಣಿ ಬೆಳೆಸುವ ಕಡೆಗೆ ಹೆಚ್ಚು ಹೊಂದುತ್ತದೆ. ನಮ್ಮ ಹಸು ರಾಗಿಹುಲ್ಲು, ಜೋಳದ ಸೊಪ್ಪೆ ತಿನ್ನುತ್ತದೆ. ಅದನ್ನು ಮನುಷ್ಯ ತಿನ್ನಲಾರ. ವಿದೇಶದ ವಾದವನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ರೈತ ನಗುತ್ತಾನೆ.

"ರೈತರ ಗತಿ?" ಇದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ. ಕರ್ನಾಟಕ ಹಾಲು ಮಹಾಮಂಡಳದ ಸಂಗ್ರಹ 2024ರಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಮುಟ್ಟಿತ್ತು. ಮಳೆ ಕೈಕೊಟ್ಟ ವರ್ಷ ಕೋಲಾರದಂಥ ಕಡೆ ಮನೆ ನಡೆದಿದ್ದು ಡೈರಿಯ ಬಟವಾಡೆಯಿಂದ. ಆ ದುಡ್ಡು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬರುತ್ತದೆ. ಎಲ್ಲರೂ ನಾಳೆಯೇ ಹಾಲು ಬಿಡುವುದಿಲ್ಲ, ಬದಲಾವಣೆ ನಿಧಾನ ಅನ್ನುವುದು ವೀಗನ್ನರ ಉತ್ತರ. ಆ ಉತ್ತರ ಅಷ್ಟು ಸಾಲದು. ಬದಲಿ ಆದಾಯದ ದಾರಿ ಯಾರು ಹಾಕಿಕೊಡುತ್ತಾರೆ ಅನ್ನುವುದಕ್ಕೆ ಇನ್ನೂ ಸರಿಯಾದ ಜವಾಬಿಲ್ಲ.

"ಬಡ ಮಕ್ಕಳಿಗೆ ಮೊಟ್ಟೆ ಬೇಡ್ವಾ?" ಬಿಸಿಯೂಟದಲ್ಲಿ ಸರ್ಕಾರ ಮೊಟ್ಟೆ ಕೊಡುತ್ತಿದೆ. ತಿನ್ನದವರಿಗೆ ಬಾಳೆಹಣ್ಣು ಇದೆ. 'ಸಾಧ್ಯವಾದಷ್ಟು' ಅನ್ನುವ ಷರತ್ತು ಇಲ್ಲಿ ಕೆಲಸಕ್ಕೆ ಬರುತ್ತದೆ. ಆಯ್ಕೆ ಇರುವವರಿಗೆ ಹೇಳಿದ ಮಾತನ್ನು ಆಯ್ಕೆ ಇಲ್ಲದ ಮಗುವಿನ ತಟ್ಟೆಗೆ ಹಾಕುವಂತಿಲ್ಲ.

ಮನುಷ್ಯ ಬೆಳೆಯುವುದು ಎಲ್ಲಿ?

ವೀಗನ್ ಆದ ಮೇಲೆ ನಾನೇ ಬದಲಾದೆ ಅಂತ ಬಹಳ ಜನ ಹೇಳುತ್ತಾರೆ. ಊಟದ ಬದಲಾವಣೆಗೆ ಇಷ್ಟು ದೊಡ್ಡ ಮಾತಾ ಅನ್ನಿಸಬಹುದು. ಒಳಗೆ ನಡೆಯುವುದು ಇಷ್ಟು.

ನಮಗೆ ಪ್ರಾಣಿಯ ಮೇಲೆ ಪ್ರೀತಿಯೂ ಇದೆ, ಅದನ್ನು ತಿನ್ನುವ ರೂಢಿಯೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಮನಸ್ಸು ಒಂದು ಉಪಾಯ ಮಾಡುತ್ತದೆ. ಇದನ್ನು ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ: ಈ ಪ್ರಾಣಿ ಊಟಕ್ಕೆ ಹೋಗುವುದು ಅಂತ ಹೇಳಿದರೆ ಜನ ಅದಕ್ಕೆ ಬುದ್ಧಿ, ಭಾವನೆ ಕಡಿಮೆ ಅಂತ ಅಂದಾಜಿಸುತ್ತಾರೆ. ಪ್ರಾಣಿ ಬದಲಾಗಿಲ್ಲ, ನಾವು ನೋಡುವ ರೀತಿ ಬದಲಾಗಿದೆ. ವೀಗನ್ ಆದವರು ಮೊದಲು ಕಳಚಬೇಕಾಗುವುದು ಈ ಉಪಾಯವನ್ನು. ಒಮ್ಮೆ ಅಲ್ಲಿ ಕಣ್ಣು ಬಿಟ್ಟವರಿಗೆ ಬೇರೆ ಕಡೆಯೂ ಕಾಣಲು ಶುರುವಾಗುತ್ತದೆ. ನಮ್ಮ ಬಟ್ಟೆ ಹೊಲಿದವರು ಯಾರು, ಚರಂಡಿಗೆ ಇಳಿದವರು ಯಾರು ಅಂತೆಲ್ಲ.

ಅಪಾಯವೂ ಇಲ್ಲೇ ಇದೆ. ನಾನು ಶುದ್ಧ, ನೀವು ಕಟುಕರು ಅನ್ನುವ ಗತ್ತು ಬಂದುಬಿಟ್ಟರೆ ಬೆಳವಣಿಗೆ ಅಲ್ಲಿಗೇ ನಿಂತಿತು. ಗಾಂಧೀಜಿಯ ಅನುಭವ ಇದಕ್ಕೆ ಒಳ್ಳೆಯ ಪಾಠ. ಕಲ್ಕತ್ತಾ ಕಡೆ ಹಾಲಿನ ಕೊನೆಯ ಹನಿಯನ್ನೂ ಹಿಂಡಲು ಹಸು, ಎಮ್ಮೆಗೆ ಮಾಡುತ್ತಿದ್ದ 'ಫೂಕಾ' ಅನ್ನುವ ಕ್ರೂರ ಪದ್ಧತಿಯ ಬಗ್ಗೆ ಅವರು ಓದಿದ್ದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಈ ಫೂಕಾವನ್ನು ಹೆಸರು ಹೇಳಿಯೇ ಅಪರಾಧ ಮಾಡಿದೆ. ಬ್ರಹ್ಮಚರ್ಯದ ವಿಚಾರವೂ ಸೇರಿ 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು ಹಾಲು ಬಿಟ್ಟರು. 1918ರಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದರು. ಹಾಲಿಲ್ಲದೆ ಮೈ ಹಿಡಿಯದು ಅಂದರು ಡಾಕ್ಟರ್. ಬಿಟ್ಟಿದ್ದು ಹಸು, ಎಮ್ಮೆ ಹಾಲು ತಾನೇ, ಮೇಕೆ ಹಾಲಿಗೇನು ಅಡ್ಡಿ ಅಂತ ಕಸ್ತೂರಬಾ ಕೇಳಿದರು. ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯ ಅಕ್ಷರ ಉಳಿಸಿಕೊಂಡು ಅದರ ಆಶಯ ಬಿಟ್ಟುಕೊಟ್ಟೆ ಅಂತ ಆಮೇಲೆ ಅವರೇ ಬರೆದುಕೊಂಡರು, ಆ ಕೊರಗು ಅವರನ್ನು ಬಿಡಲಿಲ್ಲ.

1931ರ ನವೆಂಬರ್‌ನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಅವರು ಮಾತಾಡಿದಾಗ ಇದೆಲ್ಲ ಬೆನ್ನಿಗಿತ್ತು. ಬರೀ ಆರೋಗ್ಯಕ್ಕೆ ಅಂತ ಮಾಂಸ ಬಿಟ್ಟವರು ಆರೋಗ್ಯ ಕೆಟ್ಟ ದಿನ ವಾಪಸ್ ಹೋಗುತ್ತಾರೆ, ನಿಲ್ಲಬೇಕಾದರೆ ನೈತಿಕ ಬುನಾದಿ ಬೇಕು ಎಂದರು. ಜೊತೆಗೆ, ಬೇರೆಯವರನ್ನು ಒಲಿಸಬೇಕಾದರೆ ಸಹನೆ, ಸ್ವಲ್ಪ ವಿನಯ ಇರಲಿ ಎಂದೂ ಕಿವಿಮಾತು ಹೇಳಿದರು.

ಬಿಡುವ ಕ್ರಮದಲ್ಲಿ ಒಂದೇ ದಾರಿ ಅಂತಿಲ್ಲ. ಕೆಲವರು ಒಂದೇ ದಿನ ಎಲ್ಲ ಬಿಡುತ್ತಾರೆ. ಹೆಚ್ಚಿನವರಿಗೆ ಒಂದೊಂದೇ ಬಿಡುವುದು ಸಲೀಸು: ಮೊದಲು ಮಾಂಸ, ಆಮೇಲೆ ಮೊಟ್ಟೆ, ಕೊನೆಗೆ ಹಾಲು. ಪ್ರಾಣಿಗಳ ಸಂಖ್ಯೆ ಲೆಕ್ಕ ಹಾಕಿದರೆ ಮೊದಲು ಕೋಳಿ, ಮೊಟ್ಟೆ ಬಿಡುವುದರಿಂದಲೇ ಹೆಚ್ಚು ಜೀವ ಉಳಿಯುತ್ತದೆ. ಒಂದು ಕುರಿಯಷ್ಟು ಮಾಂಸಕ್ಕೆ ಎಷ್ಟೊಂದು ಕೋಳಿ ಬೇಕು ನೋಡಿ.

ಮೈಗೆ ಏನು ಬೇಕು?

ಇಲ್ಲಿ ಹಠ ಮಾಡುವಂತಿಲ್ಲ. ಬಿ12 ವಿಟಮಿನ್ ಸಸ್ಯಮೂಲದ ಆಹಾರದಲ್ಲಿ ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಸಿಗುತ್ತದೆ, ಸೊಪ್ಪಲ್ಲಿ ಇದೆ ಅನ್ನುವ ಮಾತು ನಂಬಬೇಡಿ. ದಿನಕ್ಕೆ ಬೇಕಾಗುವುದು 2.2 ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಇಲ್ಲದಿದ್ದರೆ ಸುಸ್ತು, ಕೈಕಾಲು ಜೋಮು, ಮರೆವು, ರಕ್ತಹೀನತೆ, ನರಗಳಿಗೆ ಹಾನಿ. ಲಿವರಿನಲ್ಲಿ ದಾಸ್ತಾನು ಇರುವುದರಿಂದ ಕೊರತೆ ಗೊತ್ತಾಗಲು ವರ್ಷಗಳೇ ಹಿಡಿಯಬಹುದು. ಅದಕ್ಕೇ ಹಾಲು ಬಿಟ್ಟ ದಿನದಿಂದಲೇ ಡಾಕ್ಟರ್ ಕೇಳಿ ಮಾತ್ರೆ ಶುರು ಮಾಡಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು.

ಕ್ಯಾಲ್ಸಿಯಂಗೆ ಕರ್ನಾಟಕದವರು ಹೆದರಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಹಾಗಂತ ರಾಗಿಯದ್ದೆಲ್ಲ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿಸಿ ಹುರಿಟ್ಟು ಮಾಡಿದರೆ ಹೆಚ್ಚು ಹತ್ತುತ್ತದೆ. ಕಬ್ಬಿಣಕ್ಕೆ ಸೊಪ್ಪು, ಹುರುಳಿ, ಕಾಳು. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು, ಊಟದ ಬೆನ್ನಿಗೇ ಕಾಫಿ ಕುಡಿದರೆ ಕೆಟ್ಟದ್ದು. ಅಮೆರಿಕದ ಆಹಾರತಜ್ಞರ ಅಕಾಡೆಮಿ 2016ರಲ್ಲಿ, ಸರಿಯಾಗಿ ಯೋಜಿಸಿದ ವೀಗನ್ ಆಹಾರ ಎಲ್ಲ ವಯಸ್ಸಿಗೂ ಸಾಕಾಗುತ್ತದೆ ಎಂದಿತ್ತು. ಅದರ 2025ರ ಹೇಳಿಕೆ ವಯಸ್ಕರಿಗಷ್ಟೇ ಸೀಮಿತವಾಗಿದೆ. ಗರ್ಭಿಣಿಯರು, ಎಳೆ ಮಕ್ಕಳ ವಿಚಾರದಲ್ಲಿ ಡಾಕ್ಟರ್ ಸಲಹೆ ಇಲ್ಲದೆ ಮುಂದುವರಿಯಬಾರದು.

ಅಡುಗೆಮನೆಯಲ್ಲಿ

ವೀಗನ್ ಅಂದರೆ ದುಬಾರಿ ಬಾದಾಮಿ ಹಾಲು, ಆವಕಾಡೊ ಅನ್ನುವುದು ಪೇಟೆಯ ಭ್ರಮೆ. ಮುದ್ದೆ ಬಸ್ಸಾರು, ಉಪ್ಪೆಸರು, ಹುರುಳಿ ಸಾರು, ಜೋಳದ ರೊಟ್ಟಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅವರೆಕಾಳು ಉಪ್ಪಿಟ್ಟು, ಪುಳಿಯೋಗರೆ, ಚಿತ್ರಾನ್ನ. ಒಗ್ಗರಣೆ ಎಣ್ಣೆಯಲ್ಲಿ ಬಿದ್ದರೆ ಇವೆಲ್ಲ ಈಗಾಗಲೇ ವೀಗನ್. ಕಡಲೆಬೇಳೆ ಪಾಯಸ, ಗಸಗಸೆ ಪಾಯಸಕ್ಕೆ ಕರಾವಳಿಯವರು ಮೊದಲಿಂದಲೂ ಕಾಯಿಹಾಲನ್ನೇ ಹಾಕುತ್ತಾರೆ. ಮೊಸರನ್ನಕ್ಕೆ ಶೇಂಗಾ ಮೊಸರು ಮಾಡುವವರಿದ್ದಾರೆ, ಒಗ್ಗರಣೆ ಜೋರಾಗಿದ್ದರೆ ನಡೆಯುತ್ತದೆ. ದಾವಣಗೆರೆ ಬೆಣ್ಣೆ ದೋಸೆಗೆ, ಧಾರವಾಡ ಪೇಡಾಕ್ಕೆ, ತುಪ್ಪದ ಮೈಸೂರುಪಾಕಿಗೆ ಸಮನಾದ ಬದಲಿ ಇಲ್ಲ, ಇದೆ ಅಂತ ಯಾರಾದರೂ ಹೇಳಿದರೆ ಅವರು ಅದನ್ನು ತಿಂದು ಬಹಳ ವರ್ಷವಾಗಿರಬೇಕು.

ಬಿಸ್ಕತ್ತು, ಬ್ರೆಡ್ಡು ಕೊಳ್ಳುವಾಗ ಹಿಂಬದಿಯ ಪಟ್ಟಿ ಓದಿ. ಹಾಲಿನ ಪುಡಿ, ವೇ, ಕೇಸೀನ್ ಅಂತ ಇದ್ದರೆ ಅದು ಹಾಲೇ. ಜೆಲಟಿನ್ ಮೂಳೆ, ಚರ್ಮದಿಂದ ಬರುತ್ತದೆ, ಇ120 ಅನ್ನುವ ಕೆಂಪು ಬಣ್ಣ ಕೀಟದಿಂದ. ಸೋಯಾ, ಓಟ್ಸ್ ಹಾಲನ್ನು ಅಂಗಡಿಯಲ್ಲಿ 'ಬೆವರೇಜ್' ಅಂತ ಹುಡುಕಿ, ಪೊಟ್ಟಣದ ಮೇಲೆ 'ಹಾಲು' ಅಂತ ಬರೆಯಲು ಆಹಾರ ಪ್ರಾಧಿಕಾರ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಸಾಲಿನಲ್ಲಿ ಕೂತ ಮೇಲೆ ಚರ್ಚೆ ಬೇಡ. ಮೊದಲೇ ಅಡುಗೆ ಭಟ್ಟರ ಹತ್ತಿರ ಹೋಗಿ ಯಾವುದಕ್ಕೆ ತುಪ್ಪ, ಯಾವುದಕ್ಕೆ ಎಣ್ಣೆ ಅಂತ ಕೇಳಿಕೊಂಡರೆ ಕೋಸಂಬರಿ, ಪಲ್ಯ, ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿಯಲ್ಲಿ ಊಟ ಆರಾಮಾಗಿ ಮುಗಿಯುತ್ತದೆ.

ಕಾಫಿಯ ವಿಚಾರ ಬೇರೆ. ಸೋಯಾ ಹಾಲು ಬಿಸಿ ಡಿಕಾಕ್ಷನ್ನಿಗೆ ಬಿದ್ದರೆ ಒಮ್ಮೊಮ್ಮೆ ಒಡೆಯುತ್ತದೆ. ಡಿಕಾಕ್ಷನ್ ಸ್ವಲ್ಪ ಆರಿಸಿ, ಹಾಲಿಗೆ ಅದನ್ನು ನಿಧಾನ ಸುರಿಯಬೇಕು. ಓಟ್ಸ್ ಹಾಲು ಒಡೆಯುವುದು ಕಡಿಮೆ, ಆದರೆ ಅದಕ್ಕೇ ಒಂದು ಸಿಹಿ ಇದೆ, ಸಕ್ಕರೆ ಅರ್ಧಕ್ಕೆ ಇಳಿಸಿ. ಚಿಕೋರಿ ಹೆಚ್ಚಿರುವ ಪುಡಿ ಹಾಕಿದರೆ ನೊರೆ, ಬಣ್ಣ ಎರಡೂ ಪರವಾಗಿಲ್ಲ ಅನ್ನುವಂತೆ ಬರುತ್ತದೆ.